ಚುಕ್ಕೆ ಮಾಯವಾದರೆ ರೋಗ ಹೋಯಿತೇ?

ಮಳೆಗಾಲ ಹಿಡಿದು ಎರಡು ವಾರ ಕಳೆದರೆ ಸಾಕು, ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಮನೆಗಳಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ. ಮೀನಿನ ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆ! ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಬೇಗ ಬೇಗ ಉಸಿರಾಡುತ್ತದೆ, ತಿಂಡಿ ಹಾಕಿದರೂ ಮೇಲೆ ಬರುವುದಿಲ್ಲ. ಮೀಸೆಯುಳ್ಳ ಕ್ಯಾಟ್‌ಫಿಶ್ ಜಾತಿಯವು ಹಗಲೆಲ್ಲ ಕಲ್ಲಿನ ಅಡಿಯಲ್ಲೇ ಅಡಗಿರುವುದರಿಂದ ಅವುಗಳ ರೋಗ ನಮ್ಮ ಕಣ್ಣಿಗೆ ಬೀಳುವುದು ತಡವಾಗಿ. ತೊಟ್ಟಿ ಶುಚಿ ಮಾಡಲೆಂದು ತಂದ 'ಸಕ್ಕರ್' ಮೀನೂ ಇದೇ ಬಳಗಕ್ಕೆ ಸೇರಿದ್ದು.

ಬಿಳಿಚುಕ್ಕೆ ರೋಗಕ್ಕೆ ಕಾರಣ ಒಂದೇ ಕೋಶದ ಪರೋಪಜೀವಿ. ಫ್ರಾನ್ಸಿನ ಫೂಕೆ ಎಂಬ ವಿಜ್ಞಾನಿ 1876ರಲ್ಲಿ ಅದಕ್ಕೆ ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಹೆಸರಿಟ್ಟರು. 'ಬಹು ಮಕ್ಕಳ ಮೀನುಹೇನು' ಎಂದು ಅದರ ಅರ್ಥ. ಮೀನು ಸಾಕುವವರ ಬಾಯಲ್ಲಿ ಅದು ಬರೀ 'ಇಕ್'. ಮನುಷ್ಯರಿಗೆ ಇದು ತಗಲುವುದಿಲ್ಲ. ತೊಟ್ಟಿಗೆ ಕೈ ಹಾಕಿದ ಮಕ್ಕಳನ್ನು ಗದರಿಸಬೇಕಾಗಿಲ್ಲ.

ಹೆಸರಿನಲ್ಲಿರುವ 'ಬಹು ಮಕ್ಕಳು' ಎಂಬ ಮಾತನ್ನು ಸ್ವಲ್ಪ ಗಮನಿಸೋಣ. ನಮಗೆ ಕಾಣುವ ಚುಕ್ಕೆಯ ಒಳಗೆ, ಮೀನಿನ ಚರ್ಮದ ಪದರದಡಿ, ಪರೋಪಜೀವಿ ಕುಳಿತು ತಿನ್ನುತ್ತಿರುತ್ತದೆ. ಅಲ್ಲಿ ಯಾವ ಔಷಧಿಯೂ ಅದನ್ನು ಸುಲಭವಾಗಿ ಮುಟ್ಟಲಾರದು. ಹೊಟ್ಟೆ ತುಂಬಿದ ಮೇಲೆ ಚರ್ಮ ಬಿಟ್ಟು ತಳಕ್ಕೆ ಬಿದ್ದು, ಜಲ್ಲಿಗೋ ಗಿಡಕ್ಕೋ ಅಂಟಿಕೊಂಡು, ಸುತ್ತ ಒಂದು ಕವಚ ಕಟ್ಟಿಕೊಳ್ಳುತ್ತದೆ. ಆಗಲೂ ಔಷಧಿ ತಾಗದು. ಕವಚದೊಳಗೆ ಅದು ಒಡೆದು ಒಡೆದು ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗಿ ನೀರಿಗೆ ನುಗ್ಗುತ್ತದೆ. ಈ ಈಜುವ ಮರಿಗಳು ಸುಮಾರು ಎರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಉಪ್ಪಾಗಲಿ ಔಷಧಿಯಾಗಲಿ ಕೊಲ್ಲುವುದು ಇವುಗಳನ್ನೇ.

ಹೀಗಿರುವಾಗ, ಮೂರನೆಯ ದಿನ ಚುಕ್ಕೆಗಳು ಕಾಣದಾದವು ಎಂದು ಔಷಧಿ ನಿಲ್ಲಿಸಿದರೆ ಏನಾಗುತ್ತದೆ? ಚುಕ್ಕೆಗಳು ಸತ್ತಿಲ್ಲ, ತಳಕ್ಕೆ ಇಳಿದಿವೆ. ವಾರದೊಳಗೆ ಹತ್ತು ಪಟ್ಟಾಗಿ ಮರಳುತ್ತವೆ. ಆಗ ಮನೆಯವರು ಔಷಧಿಯನ್ನು ದೂರುತ್ತಾರೆ.

ಅಂಗಡಿಯಲ್ಲಿ ಸಿಗುವ ಬಿಳಿಚುಕ್ಕೆಯ ಔಷಧಿಗಳಲ್ಲಿ ಹೆಚ್ಚಿನವು ಮಲಕೈಟ್ ಗ್ರೀನ್ ಎಂಬ ಬಣ್ಣ ಮತ್ತು ಫಾರ್ಮಲಿನ್ ಸೇರಿದವು. ಹುರುಪೆಯುಳ್ಳ ಮೀನು ಇದನ್ನು ತಾಳಿಕೊಂಡೀತು. ಕ್ಯಾಟ್‌ಫಿಶ್‌ಗೆ ಹುರುಪೆಯೇ ಇಲ್ಲ. ಸಕ್ಕರ್ ಮತ್ತು ಕೋರಿಡೋರಸ್ ಮೀನುಗಳಿಗೆ ಬೆನ್ನ ಮೇಲೆ, ಪಕ್ಕದಲ್ಲಿ ಎಲುಬಿನ ಹಲಗೆಗಳಿದ್ದರೂ ಹೊಟ್ಟೆ ಬರಿದೇ. ಆದುದರಿಂದ ಬಾಟಲಿಯಲ್ಲಿ ಬರೆದ ಪ್ರಮಾಣದ ಅರ್ಧಕ್ಕಿಂತ ಹೆಚ್ಚು ಹಾಕಬಾರದು. ತಾಮ್ರದ ಔಷಧಿಯಂತೂ ಬೇಡವೇ ಬೇಡ. ಮಲಕೈಟ್ ಗ್ರೀನ್ ಬರಿಗೈಯಲ್ಲಿ ಮುಟ್ಟುವ ವಸ್ತುವಲ್ಲ, ತಿನ್ನುವ ಮೀನಿಗೆ ಬಳಸುವುದು ನಿಷಿದ್ಧ ಎಂಬುದೂ ನೆನಪಿರಲಿ.

ಬಡಪಾಯಿ ಮೀಸೆ ಮೀನಿಗೆ ನಾವು ಮೊದಲು ಹೇಳುವುದು ಶಾಖ ಮತ್ತು ಉಪ್ಪು. ತೊಟ್ಟಿಯ ಅಳತೆ ಮೊದಲು ತೆಗೆಯಿರಿ. ಉದ್ದ 60, ಅಗಲ 30, ನೀರಿನ ಎತ್ತರ 30 ಸೆಂಟಿಮೀಟರ್ ಇದ್ದರೆ ಗುಣಿಸಿ ಸಾವಿರದಿಂದ ಭಾಗಿಸಿ: 54 ಲೀಟರ್. ಜಲ್ಲಿ, ಕಲ್ಲು ಕಳೆದರೆ ಸುಮಾರು 45. ಲೀಟರಿಗೆ 1 ಗ್ರಾಂನಂತೆ 45 ಗ್ರಾಂ ಸಾದಾ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಮೂರು ಪಾಲು ಮಾಡಿ, ಒಂದೂವರೆ ದಿನದಲ್ಲಿ ಸೇರಿಸಿರಿ. ಕೋರಿಡೋರಸ್ ಇದ್ದರೆ ಅಷ್ಟಕ್ಕೇ ನಿಲ್ಲಿಸಿ. ಉಪ್ಪು ಆವಿಯಾಗುವುದಿಲ್ಲ, ಇಂಗಿದ ನೀರಿಗೆ ಬರೀ ಸಿಹಿನೀರು ಸೇರಿಸಿದರೆ ಸಾಕು. ತೊಟ್ಟಿಯಲ್ಲಿ ಗಿಡಗಳಿದ್ದರೆ ಅವು ಬಾಡಬಹುದು, ಅವನ್ನು ಬೇರೆಡೆ ಇಡಿ.

ಹೀಟರ್ ಇದ್ದವರು ನಿಧಾನವಾಗಿ, ಎರಡು ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚಾಗದಂತೆ, 29 ಅಥವಾ 30 ಡಿಗ್ರಿಗೆ ಏರಿಸಬಹುದು. ಕೋರಿಡೋರಸ್‌ಗೆ 28 ಸಾಕು. ಶಾಖದಲ್ಲಿ ಪರೋಪಜೀವಿಯ ಚಕ್ರ ಬೇಗ ತಿರುಗುವುದರಿಂದ ಈಜುವ ಮರಿಗಳು ಬೇಗ ಹೊರಬಂದು ಉಪ್ಪಿಗೆ ಸಿಗುತ್ತವೆ. ಆದರೆ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30ರಲ್ಲಿ ಏಳೂವರೆಗೆ ಇಳಿಯುತ್ತದೆ. ಆದ್ದರಿಂದ ಗಾಳಿಯ ಪಂಪು ಹಗಲಿರುಳು ಓಡಬೇಕು. ನಮ್ಮಲ್ಲಿ ಮಳೆಗಾಲದ ಕರೆಂಟಿನ ಸಂಗತಿ ಹೇಳಬೇಕಾಗಿಲ್ಲ! ಬ್ಯಾಟರಿ ಪಂಪೊಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಒಳಿತು. ಫಾರ್ಮಲಿನ್ ಆಮ್ಲಜನಕವನ್ನು ಇನ್ನೂ ಇಳಿಸುವುದರಿಂದ ಶಾಖ ಏರಿಸಿದ ತೊಟ್ಟಿಗೆ ಅದನ್ನು ಹಾಕಬೇಡಿ.

ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರನ್ನು ತಳದ ಜಲ್ಲಿಯಿಂದಲೇ ನಳಿಗೆಯಲ್ಲಿ ಎಳೆದು ತೆಗೆಯಿರಿ. ಕವಚದೊಳಗಿನ ಶತ್ರುಗಳೂ ಅದರೊಂದಿಗೆ ಹೊರಹೋಗುತ್ತವೆ. ತೆಗೆದ ಅಷ್ಟೇ ನೀರಿಗೆ ಬೇಕಾದ ಉಪ್ಪನ್ನು ಮಾತ್ರ ಮತ್ತೆ ಹಾಕಿ.

ಎಷ್ಟು ದಿನ? 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ಚಕ್ರ ಮುಗಿಯಲು ವಾರಕ್ಕಿಂತ ಕಡಿಮೆ ಸಾಕು. ನೀಲಗಿರಿಯಂಥ ಚಳಿ ಊರಿನಲ್ಲಿ ಹೀಟರ್ ಇಲ್ಲದ ತೊಟ್ಟಿಯಾದರೆ ವಾರಗಳೇ ಹಿಡಿಯುತ್ತವೆ. ಕೊನೆಯ ಚುಕ್ಕೆ ಕಾಣದಾದ ಮೇಲೂ ಬೆಚ್ಚಗಿನ ತೊಟ್ಟಿಯಲ್ಲಿ ಹತ್ತು ದಿನ, ತಣ್ಣನೆಯದರಲ್ಲಿ ಒಂದು ತಿಂಗಳು ಮುಂದುವರಿಸಿರಿ. ಬಳಿಕ ನೀರು ಬದಲಿಸುತ್ತ ಉಪ್ಪನ್ನು ಇಳಿಸಿರಿ. ಉಳಿದುಕೊಂಡ ಮೀನಿಗೆ ಈ ರೋಗದ ವಿರುದ್ಧ ಸ್ವಲ್ಪ ರಕ್ಷಣೆಯೂ ಬಂದಿರುತ್ತದೆ.

ರೋಗ ಮನೆಗೆ ಬರುವುದು ಹೆಚ್ಚಾಗಿ ಅಂಗಡಿಯ ಹೊಸ ಮೀನಿನ ಜೊತೆಗೆ. ಹೊಸದನ್ನು ಮೂರು ವಾರ ಬೇರೆ ಬಕೆಟ್ಟಿನಲ್ಲಿ, ಬೇರೆ ಬಲೆಯೊಂದಿಗೆ ಇಡಿ. ಸಾಕಿ ಸಾಕಾದ ಸಕ್ಕರ್ ಮೀನನ್ನು ತೋಡಿಗೋ ಕೆರೆಗೋ ಬಿಡಬೇಡಿ. ಕೇರಳದ ಹಲವು ನೀರುಗಳಲ್ಲಿ ಅದು ಈಗಾಗಲೇ ನೆಲೆಯೂರಿದೆ. ಮರಳಿ ಕೊಳ್ಳುವ ಅಂಗಡಿಯವರಿದ್ದಾರೆಯೇ ಎಂದು ಮೊದಲೇ ಕೇಳಿ ನೋಡಿ.