ಫೈರ್‌ವಾಲ್ ಆಫ್ ಮಾಡಿ ನೋಡಿ ಎನ್ನುವವರು

ಕಾಸರಗೋಡಿನ ಅಕ್ಷಯ ಕೇಂದ್ರದಲ್ಲಿ ಕನ್ನಡಿಗರೊಬ್ಬರು ಪ್ರಮಾಣಪತ್ರಕ್ಕೆ ಕಾದು ಕೂತಿದ್ದಾರೆ ಎಂದುಕೊಳ್ಳಿ. ಪುಟ ತೆರೆಯುತ್ತಿಲ್ಲ. ಐನೂರು ಕಿಲೋಮೀಟರಿಗೂ ಆಚೆ ತಿರುವನಂತಪುರದ ಸರ್ವರ್ ಕೋಣೆಯಿಂದ ಬರುವ ಉತ್ತರ ಎರಡೇ ಬಗೆಯದು. ಒಂದು, 'ನಮ್ಮಲ್ಲಿ ಬರ್ತಾ ಇದೆಯಲ್ಲ'. ಇನ್ನೊಂದು ಇದಕ್ಕಿಂತ ಅಪಾಯಕಾರಿ: 'ಫೈರ್‌ವಾಲ್ ಆಫ್ ಮಾಡಿ ನೋಡೋಣ'.

ಮೊದಲನೆಯದು ಉತ್ತರವೇ ಅಲ್ಲ. ಮನೆಯೊಳಗೆ ನಿಂತು ಬಾಗಿಲು ತೆರೆದಿದೆ ಎಂದರೆ ಅಂಗಳದಲ್ಲಿ ನಿಂತವನಿಗೇನು ಲಾಭ? ಎಷ್ಟೋ ಸಲ ಅಪ್ಲಿಕೇಷನ್ 127.0.0.1 ವಿಳಾಸಕ್ಕಷ್ಟೇ ಕಿವಿಗೊಟ್ಟು ಕೂತಿರುತ್ತದೆ, ಅಂದರೆ ತನ್ನ ಯಂತ್ರದ ಮಾತನ್ನಷ್ಟೇ ಕೇಳುತ್ತದೆ. ಆಗ ಜಗತ್ತಿನ ಎಲ್ಲ ಫೈರ್‌ವಾಲ್ ಕೆಡವಿದರೂ ಹೊರಗಿನವನಿಗೆ ಪುಟ ಕಾಣದು. ಇದರ ತಿರುಗುಮುರುಗೂ ಉಂಟು. ಒಳಗಿನಿಂದ ಸಾರ್ವಜನಿಕ ವಿಳಾಸ ಹಾಕಿದರೆ ಕೆಲವು ರೌಟರುಗಳು ಮಾತನ್ನು ಮರಳಿ ಒಳಗೆ ತಿರುಗಿಸುವುದಿಲ್ಲ. ಹೊರಗೆ ಎಲ್ಲವೂ ಸರಿಯಿದ್ದರೂ ಒಳಗಿದ್ದವರು 'ಕೆಟ್ಟಿದೆ' ಎಂದು ಬೊಬ್ಬೆ ಹಾಕುತ್ತಾರೆ. ಹೊರಗಿನ ಪರೀಕ್ಷೆಯನ್ನು ಹೊರಗಿಂದಲೇ ಮಾಡಬೇಕು. ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿಕೊಂಡರೆ ಸಾಕು, ಇದಕ್ಕೆ ಟೆಂಡರ್ ಕರೆಯಬೇಕಿಲ್ಲ.

ಯಂತ್ರ ಕೊಡುವ ಸುಳಿವನ್ನಾದರೂ ಇವರು ಓದುತ್ತಾರೆಯೇ? 'ಸಂಪರ್ಕ ನಿರಾಕರಿಸಲಾಗಿದೆ' ಎಂದರೆ ಯಾರೋ ಬಾಗಿಲಿಗೆ ಬಂದು ಇಲ್ಲ ಎಂದಿದ್ದಾರೆ. ಆ ಪೋರ್ಟಿನಲ್ಲಿ ಕೇಳುವವರಿಲ್ಲದಿರುವುದೇ ಹೆಚ್ಚು. 'ಸಮಯ ಮೀರಿತು' ಎಂದರೆ ಕೂಗೇ ದಾರಿಯಲ್ಲಿ ನುಂಗಿಹೋಗಿದೆ ಅಥವಾ ಉತ್ತರ ಮರಳಿಲ್ಲ. ಕೆಲವು ಫೈರ್‌ವಾಲ್‌ಗಳು ಬಾಯಿಬಿಟ್ಟೇ ನಿರಾಕರಿಸುತ್ತವೆ, ನಿಜ. ಆ ಅನುಮಾನವನ್ನೂ ಟಿಸಿಪಿಡಂಪ್ ಐದು ನಿಮಿಷದಲ್ಲಿ ಕಳೆಯುತ್ತದೆ: ಸರ್ವರಿನ ಮುಂದೆ ಪ್ಯಾಕೆಟ್ ಬಂತೇ? ಬಾರದಿದ್ದರೆ ತಡೆ ಅದಕ್ಕೂ ಮೊದಲೇ ಇದೆ. ಕೊಚ್ಚಿಯ ಸಣ್ಣ ಕಚೇರಿಯೊಂದರ ರೌಟರಿನ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ಸೇವೆ ಕೊಟ್ಟವರೇ ಒಂದು ಸಾರ್ವಜನಿಕ ವಿಳಾಸವನ್ನು ನೂರಾರು ಜನಕ್ಕೆ ಹಂಚಿದ್ದಾರೆ. ಅಲ್ಲಿ ಪೋರ್ಟ್ ತೆರೆಯುವುದು ಬೇರೆಯವರ ಗೇಟಿಗೆ ಬೀಗದಕೈ ಹುಡುಕಿದಂತೆ.

'ಜನ ಕಾಯ್ತಿದ್ದಾರೆ, ಮೊದಲು ಕೆಲಸ ನಡೀಲಿ' ಎಂಬುದು ಆಫ್ ಮಾಡುವವರ ವಾದ. ಜನರ ಹೆಸರು ಹೇಳುವುದಾದರೆ ಜನರ ಕತೆಯನ್ನೇ ನೋಡೋಣ. 2024ರ ಏಪ್ರಿಲ್ ಕೊನೆಯಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ ವಿಕಿರಣ ಚಿಕಿತ್ಸೆಗೆ ಅಡ್ಡಿಯಾಯಿತು. ಅಲ್ಲಿ ದಾಳಿಕೋರರು ಹೊಕ್ಕ ದಾರಿ ಇಲ್ಲಿ ಪ್ರಶ್ನೆಯಲ್ಲ. ಸರ್ವರ್ ಕೆಟ್ಟಾಗ ಬೆಲೆ ತೆರುವವರು ಯಾರು ಎಂಬುದು ಪ್ರಶ್ನೆ. ಬಾಗಿಲು ಹಾರುಹೊಡೆದರೆ ಏನಾಗುತ್ತದೆಂದು 2017ರ ಜನವರಿಯಲ್ಲೇ ಜಗತ್ತು ಕಂಡಿತ್ತು: ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಸಾವಿರಾರು ಮೊಂಗೋಡಿಬಿ ದತ್ತಕೋಶಗಳನ್ನು ಅಳಿಸಿ ಕಳ್ಳರು ಹಣ ಕೇಳಿದರು.

ಹಾಗೆಂದು ಎಲ್ಲವನ್ನೂ ಮುಚ್ಚಿ ಕೂರುವವರು ಜಾಣರೇನಲ್ಲ. ಇಂಟರ್ನೆಟ್ ಬಳಕೆ ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಕೊಚ್ಚಿಯ ಕೇರಳ ಹೈಕೋರ್ಟ್ 2019ರಲ್ಲೇ ಹೇಳಿದೆ. 2024ರ ಜನವರಿ 1ರಂದು ಅದೇ ಕೊಚ್ಚಿಯಲ್ಲಿ ಕೆ-ಸ್ಮಾರ್ಟ್ ಉದ್ಘಾಟನೆಯಾಗಿ, ನಗರ ಸಂಸ್ಥೆಗಳ ಸೇವೆ ಬ್ರೌಸರಿಗೆ ಬಂತು. ಪುರಸಭೆಯ ಕಿಟಕಿಯೇ ವೆಬ್ ಪುಟವಾದ ಮೇಲೆ ಪುಟ ತೆರೆಯದಿರುವುದು ಕಚೇರಿಗೆ ಬೀಗ ಹಾಕಿದ್ದಕ್ಕೆ ಸಮ. ಆದರೆ ಆ ಕಿಟಕಿಗೆ 443 ಎಂಬ ಒಂದು ಪೋರ್ಟ್ ಸಾಕು. ದತ್ತಕೋಶದ ಪೋರ್ಟ್ ಏಕೆ ತೆರೆಯಬೇಕು?

ಫೈರ್‌ವಾಲ್ ಆನ್ ಇದೆ ಎಂಬ ಧೈರ್ಯವೂ ಪೊಳ್ಳಾಗಬಹುದು. ಡಾಕರ್‌ನಲ್ಲಿ ಪ್ರಕಟಿಸಿದ ಪೋರ್ಟುಗಳು ಯುಎಫ್‌ಡಬ್ಲ್ಯೂ ನಿಯಮಗಳನ್ನು ದಾಟಿ ಹೊರಗೆ ಕಾಣುತ್ತವೆ. ಮುಚ್ಚಿದ್ದೇವೆಂದು ನಂಬಿದವರು ನಿದ್ದೆ ಹೋಗಿರುತ್ತಾರೆ.

ಬೇಕಾದದ್ದು ದೊಡ್ಡದಲ್ಲ. ತೆರೆದ ಪ್ರತಿ ನಿಯಮದ ಮುಂದೆ ತೆರೆದವರ ಹೆಸರು, ಕಾರಣ, ಮುಚ್ಚುವ ದಿನಾಂಕ ಇರಲಿ. 'ತಾತ್ಕಾಲಿಕ' ಎಂದು ಬರೆದು ಮೂರು ವರ್ಷ ಬಿಟ್ಟ ನಿಯಮವನ್ನು ಆಡಿಟ್ಟಿನಲ್ಲಿ ತಪ್ಪೆಂದೇ ಎಣಿಸಲಿ. ಸರ್ಕಾರಿ ವೆಬ್‌ಸೈಟ್ ಕಟ್ಟಿದವರಿಗೆ ಕೊನೆಯ ಕಂತು ಕೊಡುವ ಮೊದಲು ಕಾಸರಗೋಡಿನ ಒಂದು ಮೊಬೈಲ್‌ನಿಂದ ಪುಟ ತೆರೆದು ನೋಡಲಿ.