ಕೆಂಪು ದೀಪ ನಂಬಬೇಡ ತಮ್ಮಾ!

ಯಾವ ಹೀರೋ ಯಾವ ಹೀರೋಯಿನ್ ಜೊತೆ ಮಾತು ಬಿಟ್ಟಿದ್ದಾನೆ ಅಂತ ಕೇಳೋ ಕಾಗದಗಳೇ ಈ ಅಂಕಣಕ್ಕೆ ಜಾಸ್ತಿ. ಅವುಗಳ ನಡುವೆ ನಗರಗೆರೆಯಿಂದ ಬಂದ ಒಂದು ಕಾಗದ ಬೇರೆ ಜಾತಿಯದು. ಹುಡುಗ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಜೊತೆಗೊಂದು ಹಳೇ ಫ್ಲ್ಯಾಶ್ ತಗೊಂಡಿದ್ದಾನೆ. ಮುಂದಿನ ತಿಂಗಳು ಗೌರಿಬಿದನೂರಿನ ಛತ್ರದಲ್ಲಿ ಮೊದಲ ಮದುವೆ ಆರ್ಡರು. ಇದು ಕೆಟ್ಟರೆ ಹೋಬಳಿಯಲ್ಲಿ ಎರಡನೇ ಆರ್ಡರ್ ಇಲ್ಲ, ಸಾಲದ ಕಂತು ಕಟ್ಟೋಕೆ ದಾರಿ ಇಲ್ಲ. “ಅಣ್ಣಾ, ಫ್ಲ್ಯಾಶ್‌ನಲ್ಲಿ ಬ್ಯಾಟ್ರಿ ಎಷ್ಟು ಉಳಿದಿದೆ ಅಂತ ತಿಳಿಯೋದು ಹೇಗೆ? ಮೊಬೈಲ್ ಥರಾ ಇದು ತೋರಿಸೋದೇ ಇಲ್ಲ!” ಅಂತ ಅವನ ಪ್ರಶ್ನೆ.

ಭೇಷ್! ನಗರಗೆರೆ ದಾಟಿದರೆ ಆಂಧ್ರ. ಎನ್.ಟಿ. ರಾಮರಾವ್ 1985, 1989, 1994ರಲ್ಲಿ ಗೆದ್ದ ಹಿಂದೂಪುರ ಅಲ್ಲೇ ಪಕ್ಕದಲ್ಲಿದೆ. ನಿಮ್ಮ ಕಡೆ ಸಿನಿಮಾ ಹುಚ್ಚಿಗೂ ಎರಡು ಭಾಷೆ, ಮದುವೆಗೂ ಎರಡು ಭಾಷೆ. ಜೀರಿಗೆ ಬೆಲ್ಲ ಇಡೋದು ಒಂದು ಕ್ಷಣ, ಗಟ್ಟಿಮೇಳದಲ್ಲಿ ತಾಳಿ ಕಟ್ಟೋದು ಇನ್ನೊಂದು ಕ್ಷಣ. ಅಷ್ಟರಲ್ಲಿ ‘ಬ್ಯಾಟ್ರಿ ಅಯಿಪೋಯಿಂದಿ’ ಅಂದರೆ ಬೀಗರು ಬಿಡ್ತಾರಾ? ಸಿನಿಮಾದಲ್ಲಾದರೆ ಒನ್ ಮೋರ್ ಟೇಕ್ ಅನ್ನಬಹುದು. ತಾಳಿಗೆ ಒನ್ ಮೋರ್ ಇಲ್ಲ ಸ್ವಾಮೀ!

ಬೋರ್‌ವೆಲ್ ಸೀಮೆಯವನಿಗೆ ಬೋರ್‌ವೆಲ್ ಲೆಕ್ಕದಲ್ಲೇ ಹೇಳ್ತೀನಿ. ಫ್ಲ್ಯಾಶ್ ಒಳಗಿನ ಕೆಪಾಸಿಟರ್ ಇದೆಯಲ್ಲ, ಅದು ಮನೆ ಮೇಲಿನ ಟ್ಯಾಂಕು. ಕೆಳಗಿನ ನಾಲ್ಕು ಡಬಲ್ ಎ ಸೆಲ್ಲು ಬೋರ್‌ವೆಲ್ಲು. ನಾಲ್ಕೂ ಸೇರಿ ಕೊಡೋದು 6 ವೋಲ್ಟು. ಅದನ್ನೇ ಒಳಗಿನ ಸರ್ಕ್ಯೂಟು ಸುಮಾರು 300 ವೋಲ್ಟಿಗೆ ಏರಿಸಿ ಟ್ಯಾಂಕ್ ತುಂಬಿಸುತ್ತೆ. ‘ಕುಂಯ್ಯ್’ ಅಂತ ಸಣ್ಣಗೆ ಕೇಳೋದು ಪಂಪಿನ ಸದ್ದು. ಹಿಂದೆ ಹತ್ತೋ ಕೆಂಪು ದೀಪ ಟ್ಯಾಂಕಿನ ಕಥೆ ಹೇಳುತ್ತೆ ಅಷ್ಟೇ. ಬೋರಿನಲ್ಲಿ ನೀರಿದೆಯೋ ಇಲ್ಲವೋ ಅದಕ್ಕೇನು ಗೊತ್ತು? ಎಷ್ಟೋ ಫ್ಲ್ಯಾಶ್‌ಗಳಲ್ಲಿ ಟ್ಯಾಂಕ್ ಪೂರ್ತಿ ತುಂಬೋ ಮೊದಲೇ ದೀಪ ಹತ್ತಿಬಿಡುತ್ತೆ. ಆಗಲೇ ಹೊಡೆದರೆ ಮದುಮಗಳ ಮುಖ ಮಂಕೋ ಮಂಕು! ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಇದು ಅರ್ಥವಾಗಿದೆ, ನಿನಗಾಗದೇ?

ಟ್ಯಾಂಕ್ ತುಂಬೋಕೆ ಎಷ್ಟು ಹೊತ್ತು ಹಿಡೀತು ಅನ್ನೋದೇ ಬೋರಿನ ಅಳತೆ. ಒಂದು ಸಿನಿಮಾ ಮುಹೂರ್ತದಲ್ಲಿ ನನ್ನ ಪಕ್ಕ ಒಬ್ಬ ಹಿರಿಯ ಫೋಟೋಗ್ರಾಫರ್ ನಿಂತಿದ್ದರು. ಪ್ರತಿ ಫ್ಲ್ಯಾಶ್ ಆದ ಮೇಲೂ ಅವರ ತುಟಿ ಅಲ್ಲಾಡೋದು. ದೇವರ ಜಪ ಅಂದುಕೊಂಡೆ. ಕೇಳಿದರೆ, “ಸೆಕೆಂಡ್ ಎಣಿಸ್ತಿದೀನಯ್ಯ” ಅಂದರು! ಹೀರೋ ಕಾರಿನಿಂದ ಇಳಿಯೋ ಮೊದಲೇ ಹಳೇ ಸೆಟ್ಟು ಜೇಬಿಗೆ, ಹೊಸ ಸೆಟ್ಟು ಫ್ಲ್ಯಾಶಿಗೆ.

ನೀನೂ ಹಾಗೇ ಮಾಡು. ಹೊಸ ಸೆಲ್ ಹಾಕಿ, ಮ್ಯಾನುಯಲ್‌ನಲ್ಲಿ ಫುಲ್ ಪವರ್‌ಗೆ ಇಡು. ಬಹಳ ದಿನ ಸುಮ್ಮನೆ ಬಿದ್ದಿದ್ದ ಫ್ಲ್ಯಾಶು ಮೊದಲು ನಿಧಾನವಾಗೇ ತುಂಬುತ್ತೆ, ಅದಕ್ಕೇ ಎರಡು ಮೂರು ಹುಸಿ ಹೊಡೆತ ಹೊಡಿ. ಆಮೇಲೆ ಎಣಿಸು. 5 ಸೆಕೆಂಡ್ ಬಂತಾ? ಪ್ಲಾಸ್ಟರ್ ಅಂಟಿಸಿ ಅದರ ಮೇಲೆ ಬರೆದಿಡು. ಛತ್ರದಲ್ಲಿ ಅದೇ ಫುಲ್ ಪವರ್‌ಗೆ 10 ಆಯ್ತು ಅಂದರೆ ಸೆಲ್ ಬದಲಾಯಿಸು. ಇದು ನನ್ನ ಲೆಕ್ಕ. 20ರವರೆಗೆ ಕಾಯೋದು ಧೈರ್ಯವಲ್ಲ, ಜಿಪುಣತನ.

ಈ ಲೆಕ್ಕ ಆಲ್ಕಲೈನ್ ಸೆಲ್ಲಿಗೆ. ಅದು ಮೆಲ್ಲಮೆಲ್ಲಗೆ ಸುಸ್ತಾಗುತ್ತೆ, ಮುನ್ಸೂಚನೆ ಕೊಡುತ್ತೆ. ಚಾರ್ಜ್ ಮಾಡೋ ನಿಕಲ್ ಸೆಲ್ಲು ಹಾಗಲ್ಲ. ವೋಲ್ಟು 1.2 ಅಷ್ಟೇ ಇದ್ದರೂ ಟ್ಯಾಂಕನ್ನು ಬೇಗ ತುಂಬಿಸುತ್ತೆ, ಕೊನೇವರೆಗೂ ಒಂದೇ ವೇಗ, ಆಮೇಲೆ ಇಂಟರ್ವಲ್‌ನಲ್ಲಿ ಸಾಯೋ ಹೀರೋ ಥರ ದಿಢೀರ್ ಅಂತ ಬೀಳುತ್ತೆ. ಅದಕ್ಕೆ ಸೆಕೆಂಡ್ ಸಾಲದು, ಹೊಡೆತಾನೇ ಎಣಿಸಬೇಕು. ಕ್ಯಾಮೆರಾದ ಫೋಟೋ ನಂಬರೇ ನಿನ್ನ ಮೀಟರು. ನಾಲ್ಕು ಸೆಲ್ಲಿಗೆ ಫುಲ್ ಪವರ್‌ನಲ್ಲಿ ಸುಮಾರು ನೂರರಿಂದ ಇನ್ನೂರು ಹೊಡೆತ, ಕಾಲು ಪವರ್‌ಗೆ ಇಳಿಸಿದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಕ್ಯಾಮೆರಾದ ಐಎಸ್‌ಒ 400ರಿಂದ 1600ಕ್ಕೆ ಏರಿಸಿದರೆ ಕಾಲು ಪವರೇ ಸಾಕು.

ಮಲ್ಟಿಮೀಟರ್ ಹಿಡಿದು ಸಮಾಧಾನ ಪಡಬೇಡ. ಸುಮ್ಮನೆ ಮಲಗಿರೋ ಮುದಿ ಸೆಲ್ಲೂ ಹರೆಯದ ವೋಲ್ಟೇ ತೋರಿಸುತ್ತೆ, ಕೆಲಸ ಕೊಟ್ಟಾಗಲೇ ಬಣ್ಣ ಬಯಲು. ಹೊಸದು ಹಳೇದು ಬೆರಕೆ ಬೇಡ. ನಂದಿ ಬೆಟ್ಟದ ಬೆಳಗಿನ ಚಳಿಯಲ್ಲಿ ಫೋಟೋಶೂಟ್ ಇದ್ದರೆ ಬಿಡಿ ಸೆಲ್ಲನ್ನು ಒಳಜೇಬಿನಲ್ಲಿಡು, ಚಳಿಗೆ ಅದೂ ಮುದುಡುತ್ತೆ. ಫ್ಲ್ಯಾಶಿನ ಸ್ಕ್ರೂ ಮಾತ್ರ ಬಿಚ್ಚಬೇಡಪ್ಪಾ! ಸೆಲ್ ತೆಗೆದ ಮೇಲೂ ಟ್ಯಾಂಕಿನಲ್ಲಿ ಜೀವ ತೆಗೆಯೋ ಕರೆಂಟು ಉಳಿದಿರುತ್ತೆ.

ಅಂದಹಾಗೆ, ಈ ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ 1930ರ ದಶಕದಲ್ಲಿ ದಾರಿ ಮಾಡಿದ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಅನ್ನೋ ಮೇಷ್ಟ್ರ ಪ್ರಯೋಗಗಳ ಮೇಲೆ ‘ಕ್ವಿಕರ್‌ನ್ ಎ ವಿಂಕ್’ ಅಂತ 1940ರಲ್ಲಿ ಒಂದು ಕಿರುಚಿತ್ರ ಬಂತು. ಅದಕ್ಕೆ ಆಸ್ಕರೂ ಬಂತು. ಫ್ಲ್ಯಾಶ್ ಕೂಡ ಹೀರೋನೇ ಕಣ್ರೀ!

ತಮ್ಮಾ, ಮದುವೆ ದಿನ ಮೂರು ಸೆಟ್ ಇಟ್ಟುಕೋ. ಲೆಕ್ಕ ಏನೇ ಹೇಳಲಿ, ಗಟ್ಟಿಮೇಳಕ್ಕೆ ಹತ್ತು ನಿಮಿಷ ಮುಂಚೆ ಹೊಸ ಸೆಟ್ ಹಾಕಿಬಿಡು. ತೆಗೆದ ಆಲ್ಕಲೈನ್ ಎಸೆಯಬೇಡ. ಫ್ಲ್ಯಾಶಿಗೆ ಸಾಲದ ಸೆಲ್ಲು ಮನೇ ಗೋಡೆ ಗಡಿಯಾರಾನ ತಿಂಗಳುಗಟ್ಟಲೆ ಓಡಿಸುತ್ತೆ.