ಹಾರಿದ್ದು ಹಕ್ಕಿಯೋ, ಅಕ್ಕಿಯೋ?
ಸ್ಮಾರ್ಟ್ ಬೋರ್ಡಿನ ಮೇಲೂ ಗೈಡಿನ ಉತ್ತರವನ್ನೇ ನಕಲು ಮಾಡಿಸಿದರೆ ಅದು ದುಬಾರಿ ಕರಿಹಲಗೆ, ಅಷ್ಟೇ. ಕನ್ನಡ ತರಗತಿಗೆ ಮೇಷ್ಟ್ರ ಜೇಬಿನ ಮೊಬೈಲೇ ಸಾಕು. ಹಳೆ ಮೈಸೂರು ಕಡೆಯ ಮಗು ‘ಹಕ್ಕಿ ಹಾರಿತು’ ಎಂಬುದನ್ನು ‘ಅಕ್ಕಿ ಆರಿತು’ ಎಂದು ಓದುತ್ತದೆ. ತಿದ್ದಿದರೆ ‘ಅದ್ನೇ ಅಂದಿದ್ದು ಸಾ’ ಅನ್ನುತ್ತದೆ. ಆ ಸಾಲನ್ನು ರೆಕಾರ್ಡ್ ಮಾಡಿ ಕೇಳಿಸಿ ನೋಡಿ: ತನ್ನ ದನಿಗೆ ತಾನೇ ನಕ್ಕು, ಮರುಸಲಕ್ಕೆ ಉಸಿರೆಳೆದು ‘ಹ’ ಹಿಡಿಯುತ್ತದೆ. ಪದದ ಅರ್ಥಕ್ಕೆ ವಿ. ಕೃಷ್ಣ ಅವರ, ಸುಮಾರು ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅಜ್ಜಿಯ ಬಾಯಿಯ ‘ಅಕ್ಕಿ’ ತಪ್ಪಲ್ಲ, ಅದು ಮನೆಮಾತು, ‘ಹಕ್ಕಿ’ ಪುಸ್ತಕದ ಮಾತು ಎಂದು ಮಗುವಿನ ಬೆನ್ನು ತಟ್ಟಿ ಹೇಳಲು ಮೇಷ್ಟ್ರೇ ಬೇಕು.